ಕೋತಿಯ ಶ್ವಾಸಕೋಶದಲ್ಲಿ ನುಸಿಯ ಸಂಸಾರ!

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದರೆ ಅರಿಯದವರು ವಿರಳ. ಸಿಡುಬಿನ ಮಹಾಮಾರಿಯನ್ನು ತಡೆಯುವ ಲಸಿಕೆ ಒಂದು ಕಾಲಕ್ಕೆ ಅಲ್ಲಿ ಕರುಗಳ ಚರ್ಮದಲ್ಲಿ ಬೆಳೆಯುತ್ತಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಮನುಷ್ಯನ ಆರೋಗ್ಯಕ್ಕಾಗಿ ಹೀಗೆ ದುಡಿದ ಮೂಕಪ್ರಾಣಿ ಕರುವೊಂದೇ ಅಲ್ಲ. 1950ರ ದಶಕದಲ್ಲಿ ಪೋಲಿಯೋ ಲಸಿಕೆಯ ತಯಾರಿಕೆಗೆ ರೀಸಸ್ ಕೋತಿಯ ಮೂತ್ರಪಿಂಡದ ಜೀವಕೋಶಗಳು ಬೇಕಾದವು. ಖಾನಾಪುರದ ಕಾಡಿನ ಮಂಗಗಳಿಗೆ ದಾಯಾದಿಗಳಾದ ಈ ಉತ್ತರ ಭಾರತದ ಕೋತಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಪರದೇಶಕ್ಕೆ ಸಾಗಿದವು. 1978ರಲ್ಲಿ ಭಾರತ ಸರಕಾರವು ಈ ರಫ್ತನ್ನು ನಿಷೇಧಿಸಿತು.

ಆದರೆ ಕೋತಿಗಳು ಒಂಟಿಯಾಗಿ ಹೋಗಲಿಲ್ಲ. ಗುಪ್ತ ಪ್ರಯಾಣಿಕನೊಬ್ಬನೂ ಜೊತೆಗಿದ್ದ! ಅದೇ ಶ್ವಾಸಕೋಶದ ನುಸಿ. ತೆಂಗಿನಕಾಯಿಯನ್ನು ಕಾಡುವ ನುಸಿಯ ದೂರದ ಬಂಧು. ಅದರ ಶಾಸ್ತ್ರೀಯ ನಾಮ ನ್ಯೂಮೋನಿಸಸ್ ಸಿಮಿಕೋಲ. ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಕಾಡಿನಿಂದ ಹಿಡಿದು ತಂದ ರೀಸಸ್ ಕೋತಿಗಳಲ್ಲಿ ಅದಿಲ್ಲದ ಕೋತಿ ಅಪರೂಪ. ಸಣ್ಣ ಶ್ವಾಸನಾಳಗಳಲ್ಲಿ ಮನೆಮಾಡಿ, ಅಲ್ಲಿಯೇ ಸಂಸಾರ ಬೆಳೆಸುತ್ತದೆ. ಕೋತಿಗೆ ಆಗೊಮ್ಮೆ ಈಗೊಮ್ಮೆ ಸೀನು, ಕೆಮ್ಮು. ಎಷ್ಟೋ ಕೋತಿಗಳಿಗೆ ಅದೂ ಇಲ್ಲ.

ಹಾಗಾದರೆ ಚಿಂತೆಯೇನು? ನುಸಿ ನೆಲೆಸಿದಲ್ಲಿ ಹಳದಿ ಛಾಯೆಯ ಬಿಳಿ ಗಂಟುಗಳೇಳುತ್ತವೆ. ಬರಿಗಣ್ಣಿಗೆ ಅವು ಕ್ಷಯದ ಗಂಟುಗಳಂತೆಯೇ ಕಾಣುತ್ತವೆ! ಮನುಷ್ಯನಿಂದ ಕೋತಿಗೆ ಕ್ಷಯ ಸುಲಭವಾಗಿ ಹತ್ತುತ್ತದೆ. ಒಂದಕ್ಕೆ ಹತ್ತಿದರೆ ಹಿಂಡಿಗೇ ಆಪತ್ತು. ಕ್ಷಯವನ್ನು ನುಸಿಯೆಂದು ಕಡೆಗಣಿಸಿದರೆ ಅನಾಹುತ. ನುಸಿಯನ್ನು ಕ್ಷಯವೆಂದು ಭ್ರಮಿಸಿದರೆ ನಿರಪರಾಧಿ ಪ್ರಾಣಿಯ ಜೀವಕ್ಕೇ ಸಂಚಕಾರ. ಹೊಸ ಔಷಧವನ್ನು ಪರೀಕ್ಷಿಸುವಾಗ ನುಸಿ ಮಾಡಿದ ಗಾಯವನ್ನು ಔಷಧದ ತಲೆಗೆ ಕಟ್ಟುವ ಅಪಾಯವೂ ಉಂಟು.

ಆದ್ದರಿಂದ ಸೂಕ್ಷ್ಮದರ್ಶಕದ ಸಾಕ್ಷ್ಯವಿಲ್ಲದೆ ತೀರ್ಪು ಕೊಡುವಂತಿಲ್ಲ. ನುಸಿಯ ಗಂಟಿನಲ್ಲಿ ಅದರ ದೇಹವೂ ಕಂದು ಬಣ್ಣದ ಕಣಗಳೂ ಕಾಣಸಿಗುತ್ತವೆ. ಕ್ಷಯದಲ್ಲಿ ಕ್ಷಯದ ರೋಗಾಣು.

ಹುಟ್ಟಿದೊಡನೆ ತಾಯಿಯಿಂದ ಅಗಲಿಸಿ ಬೇರೆಯಾಗಿ ಸಾಕಿದ ಮರಿಗಳಿಗೆ ಈ ನುಸಿ ತಗುಲುವುದಿಲ್ಲವೆಂದು ಕಂಡುಬಂದಿತು. ಆದರೆ ತಾಯಿಯ ಮಡಿಲನ್ನೇ ತಪ್ಪಿಸುವುದು ಎಂಥ ಉಪಾಯ! ಮುಂದೆ, ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರ ಮೂಲದಿಂದ ಬಂದ ಐವರ್‌ಮೆಕ್ಟಿನ್ ಔಷಧವು ನುಸಿಯನ್ನು ಕೊಲ್ಲಬಲ್ಲುದೆಂದು ತಿಳಿಯಿತು. ಆ ಔಷಧದ ಶೋಧಕ್ಕೆ 2015ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು.

ಮನುಷ್ಯನ ರೋಗಕ್ಕೆ ಕೋತಿಯಲ್ಲಿ ಉತ್ತರ ಹುಡುಕುವವನು ಮೊದಲು ಕೋತಿಯ ರೋಗವನ್ನು ಅರಿತಿರಬೇಕು. ಆ ಮೂಕಪ್ರಾಣಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯವೂ ಅದೇ.