ಹತ್ತನೇ ವಯಸ್ಸಿನ ತೀರ್ಪು

ದುಡಿಮೆಗೆ ತುರ್ಕಿಯಿಂದ ಜನರನ್ನು ಕರೆಸಲು ಪಶ್ಚಿಮ ಜರ್ಮನಿ ಒಪ್ಪಂದ ಮಾಡಿಕೊಂಡದ್ದು 1961ರಲ್ಲಿ. ಬಂದವರು ‘ಅತಿಥಿ ಕಾರ್ಮಿಕರು’. ಮರಳಿ ಹೋಗುವರೆಂಬ ಎಣಿಕೆ. ಹಲವರು ಅಲ್ಲೇ ನೆಲೆಸಿದರು, ಮಕ್ಕಳು ಶಾಲೆಗೆ ಸೇರಿದರು.

ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳ ದಾರಿ ಕವಲೊಡೆಯುತ್ತದೆ. ವಿಶ್ವವಿದ್ಯಾಲಯದತ್ತ ಒಯ್ಯುವ ಶಾಲೆ ‘ಗಿಮ್ನಾಜಿಯಂ’. ಕಸುಬಿನತ್ತ ಒಯ್ಯುತ್ತಿದ್ದುದು ‘ಹೌಪ್ಟ್‌ಶೂಲೆ’. ಮನೆಯಲ್ಲಿ ತುರ್ಕಿ ಮಾತನಾಡುವ ಎಷ್ಟೋ ಮಕ್ಕಳಿಗೆ ಜರ್ಮನ್ ಕೈಗೂಡುವ ಮೊದಲೇ ತೀರ್ಪು ಬಂದಿರುತ್ತದೆ. 2000ನೇ ಇಸವಿಯ ‘ಪಿಸಾ’ ಅಂತರರಾಷ್ಟ್ರೀಯ ಪರೀಕ್ಷೆ ಈ ಅಂತರವನ್ನು ಬಯಲಿಗೆಳೆದಾಗ ದೇಶವೇ ಬೆಚ್ಚಿತು.

ಕಾರು ಕಾರ್ಖಾನೆಯ ಕಾರ್ಮಿಕರೊಬ್ಬರ ಮಗ ಉಗುರ್ ಶಾಹಿನ್‌ಗೂ ಶಿಕ್ಷಕರು ಸೂಚಿಸಿದ್ದು ಹೌಪ್ಟ್‌ಶೂಲೆಯನ್ನೇ. ನೆರೆಮನೆಯ ಜರ್ಮನರೊಬ್ಬರು ಮಧ್ಯೆ ಬಂದದ್ದರಿಂದ ಹುಡುಗ ಗಿಮ್ನಾಜಿಯಂ ಸೇರಿದ. 2020ರಲ್ಲಿ ಕೊರೊನಾ ಲಸಿಕೆ ರೂಪಿಸಿದ ಬಯೋಎನ್‌ಟೆಕ್ ಸಂಸ್ಥೆಯ ಸ್ಥಾಪಕರಲ್ಲಿ ಅವರೊಬ್ಬರು.

ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಎಣಿಸಿದರೆ ನಷ್ಟ ಮಗುವಿಗಷ್ಟೇ ಅಲ್ಲ. ಅಂಥ ನೆರೆಯವರು ಸಿಗದ ಮಕ್ಕಳ ಲೆಕ್ಕ ಇಟ್ಟವರು ಯಾರು?