ಬಜೆಟ್ ಓದುವ ಮುಚ್ಚಿದ ಕೋಣೆಗಳು

ಫೆಬ್ರುವರಿ 1ರ ಭಾಷಣ ಮುಗಿದ ಸಂಜೆಗೇ ಟಿವಿಯವರಿಗೆ ಬಜೆಟ್ ಹಳತಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ನೋಡಿಕೊಂಡರೆ ನಮಗೂ ಅಷ್ಟೇ ಸಾಕು. ಸಂಸತ್ತಿನಲ್ಲಿ ಮಾತ್ರ ಅಸಲಿ ಓದು ಶುರುವಾಗುವುದೇ ಆಮೇಲೆ. ಸಾಮಾನ್ಯ ಚರ್ಚೆ ಮುಗಿದು ಸದನಕ್ಕೆ ಕೆಲವು ವಾರ ಬಿಡುವು ಸಿಗುತ್ತದಲ್ಲ, ಆಗ ಒಂದೊಂದು ಸಚಿವಾಲಯವೂ ವರ್ಷದ ಖರ್ಚಿಗೆ ಕೇಳುವ ಹಣ, ಅಂದರೆ ಅದರ ಅನುದಾನ ಬೇಡಿಕೆ, ಅದಕ್ಕೆ ಸಂಬಂಧಿಸಿದ ಸ್ಥಾಯಿ ಸಮಿತಿಯ ಮುಂದೆ ಹೋಗುತ್ತದೆ.

1993ರಲ್ಲಿ 17 ಇದ್ದ ಈ ಸಮಿತಿಗಳು 2004ರಲ್ಲಿ 24 ಆದವು. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರಿಗೆ ಜಾಗವಿಲ್ಲ. ಅನುದಾನಕ್ಕೆ ಮತ ಹಾಕುವ ಹಕ್ಕು ಲೋಕಸಭೆಗಷ್ಟೇ ಇದ್ದರೂ ಗೃಹ, ಆರೋಗ್ಯ, ಶಿಕ್ಷಣ ಸೇರಿದಂತೆ 8 ಸಮಿತಿಗಳು ರಾಜ್ಯಸಭೆಯ ಸುಪರ್ದಿಯಲ್ಲಿವೆ ಎಂಬುದು ಇದರಲ್ಲಿನ ಒಂದು ಸ್ವಾರಸ್ಯ.

ಸಚಿವಾಲಯಕ್ಕೆ ಮೊದಲೇ ಉದ್ದನೆಯ ಪ್ರಶ್ನಾವಳಿ ಹೋಗಿರುತ್ತದೆ. ಆಮೇಲೆ ಇಲಾಖೆಯ ಕಾರ್ಯದರ್ಶಿ, ಅಧಿಕಾರಿಗಳ ದಂಡು ಕಟ್ಟಿಕೊಂಡು ಬಂದು ಕೂರುತ್ತಾರೆ. ಎದುರಿಗಿರುವ ಕೋಷ್ಟಕದಲ್ಲಿ ಮೂರು ಅಂಕಣ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು. ಹೋದ ವರ್ಷ ಕೇಳಿದ್ದಿಷ್ಟು, ನಡುವೆ ಇಳಿಸಿದ್ದಿಷ್ಟು, ಅದರಲ್ಲೂ ಖರ್ಚಾಗದೆ ಉಳಿದದ್ದಿಷ್ಟು. ಹಾಗಿದ್ದ ಮೇಲೆ ಈ ಸಲ ಇನ್ನೂ ಹೆಚ್ಚು ಯಾಕೆ ಬೇಕು? ಕ್ಯಾಮೆರಾ ಇಲ್ಲ, ಪಕ್ಷದ ಆದೇಶವಾದ ವಿಪ್‌ನ ಭಯವಿಲ್ಲ. ಆಡಳಿತ ಪಕ್ಷದ ಸದಸ್ಯರೂ ತಮ್ಮದೇ ಸರ್ಕಾರದ ಅಧಿಕಾರಿಯ ಬೆವರಿಳಿಸಬಹುದು.

ಇಷ್ಟೆಲ್ಲ ಆಗಿ ಕೈಗೆ ಬರುವುದು ವರದಿ ಮಾತ್ರ. ಕಡಿತ ಸೂಚನೆಯ ರೂಪದ, ಅಂದರೆ ಬೇಡಿಕೆಯ ಮೊತ್ತ ಇಳಿಸಿ ಎನ್ನುವ ಮಾತನ್ನು ಅದರಲ್ಲಿ ಬರೆಯಕೂಡದೆಂದು ನಿಯಮವೇ ಇದೆ. ಸಚಿವಾಲಯ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಸಲಹೆ ಒಪ್ಪಲೇಬೇಕೆಂದಿಲ್ಲ. ಸದನದಲ್ಲಿ ಚರ್ಚೆಗೆ ಬರುವ ಬೇಡಿಕೆಗಳೂ ಬೆರಳೆಣಿಕೆಯಷ್ಟೇ, ಮಿಕ್ಕವನ್ನು ಕಡೆಯ ದಿನ ‘ಗಿಲೊಟಿನ್’ ಎಂದು ಒಟ್ಟಿಗೇ ಮತಕ್ಕೆ ಹಾಕುತ್ತಾರೆ. 2023ರ ಮಾರ್ಚ್‌ನಲ್ಲಂತೂ ಸುಮಾರು 45 ಲಕ್ಷ ಕೋಟಿ ರೂಪಾಯಿ ಬಜೆಟ್‌ನ ಬೇಡಿಕೆಗಳೆಲ್ಲ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾದವು. ಆ ವರ್ಷ ಅವುಗಳನ್ನು ಕೂತು ಪರಿಶೀಲಿಸಿದ್ದು ಸಮಿತಿಗಳಷ್ಟೇ. ತೆರಿಗೆಗೆ ಆ ಭಾಗ್ಯವೂ ಇಲ್ಲ: ತೆರಿಗೆ ಪ್ರಸ್ತಾವಗಳಿರುವ ಹಣಕಾಸು ಮಸೂದೆ ಸಾಮಾನ್ಯವಾಗಿ ಯಾವ ಸಮಿತಿಯ ಮೆಟ್ಟಿಲನ್ನೂ ಹತ್ತುವುದಿಲ್ಲ.

ಖರ್ಚಾದ ಮೇಲಿನ ತಪಾಸಣೆ 1921ರಷ್ಟು ಹಳೆಯದಾದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯದು. ಸರ್ಕಾರದ ಲೆಕ್ಕ ತಪಾಸಿಸುವ ಮಹಾಲೇಖಪಾಲರ (ಸಿಎಜಿ) ವರದಿಯೇ ಇದರ ಆಯುಧ. 1967ರಿಂದೀಚೆಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಸಂಪ್ರದಾಯ ಬೆಳೆದಿದೆ. ಕಲಬುರಗಿಯ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ 2017ರಿಂದ 2019ರವರೆಗೆ ಆ ಸ್ಥಾನದಲ್ಲಿದ್ದರು. ಅದೇ ಹೊತ್ತಿಗೆ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಚಿಕ್ಕಬಳ್ಳಾಪುರದ ಸಂಸದ ವೀರಪ್ಪ ಮೊಯಿಲಿ. ಮೊಯಿಲಿ ಅವರ ಎದುರು ಹಣಕಾಸು ಸಚಿವಾಲಯದವರು ಇನ್ನೂ ಖರ್ಚಾಗದ ಹಣಕ್ಕೆ ಕಾರಣ ಹೇಳಬೇಕಿತ್ತು, ಖರ್ಗೆ ಅವರ ಎದುರು ಆಗಲೇ ಖರ್ಚಾದದ್ದಕ್ಕೆ.

ಈ ಎಲ್ಲ ಸಮಿತಿಗಳ ವರದಿಗಳೂ ಸಂಸತ್ತಿನ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಿಮ್ಮ ಕಸುಬಿಗೆ ಹತ್ತಿರದ ಸಚಿವಾಲಯವೊಂದನ್ನು ಆರಿಸಿ, ಅದರ ಅನುದಾನ ಬೇಡಿಕೆಯ ವರದಿ ತೆರೆದು, ಆ ಮೂರು ಅಂಕಣಗಳಿಂದಲೇ ಓದು ಶುರು ಮಾಡಿ.