ಹೊಸಪೇಟೆ ಯಾರ ಪಾಲಿಗೆ?

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ 1940ರ ಸುಮಾರಿಗೆ ಹುಟ್ಟಿ, ಊರು ಬಿಟ್ಟು ಎಲ್ಲಿಗೂ ಹೋಗದೆ ಬಾಳಿದವರ ವಿಳಾಸ ಎಷ್ಟು ಸಲ ಬದಲಾಗಿದೆ ಎಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಹುಟ್ಟಿದ್ದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ. ಬಾಲ್ಯ ಕಳೆದದ್ದು ಸ್ವತಂತ್ರ ಭಾರತದ ಮದ್ರಾಸ್ ರಾಜ್ಯದಲ್ಲಿ. 1953ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರು. 2021ರಲ್ಲಿ ಜಿಲ್ಲೆಯ ಹೆಸರೂ ಬಳ್ಳಾರಿಯಿಂದ ವಿಜಯನಗರಕ್ಕೆ ತಿರುಗಿತು. ಮನೆ ಅದೇ, ಕಬ್ಬಿನ ಗದ್ದೆ ಅದೇ, ಗದ್ದೆಗೆ ನೀರುಣಿಸುವ ವಿಜಯನಗರ ಕಾಲದ ಕಾಲುವೆಯೂ ಅದೇ.

ಇಷ್ಟು ಸಲದಲ್ಲಿ ಒಮ್ಮೆಯಾದರೂ ಯಾರೂ ಅವರ ಕೈಗೆ ಮತಚೀಟಿ ಕೊಟ್ಟು, ‘ನಿಮಗೆ ಎಲ್ಲಿರಲು ಇಷ್ಟ?’ ಎಂದು ಕೇಳಲಿಲ್ಲ.

ಬ್ರಿಟನ್ನಿನಲ್ಲಿ ಕೇಳಿದರು. 2016ರ ಜೂನ್ 23ರಂದು ಅಲ್ಲಿನ ಮತದಾರರ ಮುಂದಿದ್ದದ್ದು ಒಂದೇ ಸಾಲಿನ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆ, ಹೊರಬರಬೇಕೆ? ನೂರಕ್ಕೆ 72 ಮಂದಿ ಮತ ಹಾಕಿದರು. ಹೊರಬರೋಣ ಎಂದವರು ಶೇ 51.9, ಇರೋಣ ಎಂದವರು ಶೇ 48.1. ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕಾಮನ್‌ವೆಲ್ತ್ ದೇಶಗಳ ಪೌರರಾಗಿ ಅಲ್ಲಿ ನೆಲೆಸಿದ್ದವರಿಗೂ ಆ ಮತದಾನದಲ್ಲಿ ಹಕ್ಕಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಲಂಡನ್ನಿನಲ್ಲಿ ದುಡಿಯುತ್ತಿದ್ದ ಕನ್ನಡಿಗರು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಬ್ರಿಟನ್ನಿನ ಭವಿಷ್ಯದ ಬಗ್ಗೆ ಮತ ಹಾಕಬಹುದಿತ್ತು. ದಶಕಗಳಿಂದ ಅಲ್ಲೇ ಸಂಸಾರ ಹೂಡಿದ್ದರೂ ಫ್ರಾನ್ಸ್ ಅಥವಾ ಜರ್ಮನಿಯ ಪೌರರಿಗೆ ಆ ಅವಕಾಶ ಇರಲಿಲ್ಲ. ಹೊಸಪೇಟೆಯಿಂದ ಹೋದ ಮೊಮ್ಮಗ ಪರದೇಶದ ಗಡಿಯ ಬಗ್ಗೆ ಮತ ಹಾಕಬಲ್ಲವನಾಗಿದ್ದ. ಇಲ್ಲಿದ್ದ ತಾತನಿಗೆ ತನ್ನ ಊರಿನ ಗಡಿಯ ಬಗ್ಗೆ ಎಂದೂ ಆ ಅವಕಾಶ ಸಿಕ್ಕಿರಲಿಲ್ಲ.

ಹಾಗೆಂದು ಹೊಸಪೇಟೆಯಲ್ಲಿ ಚರ್ಚೆ ನಡೆಯಲಿಲ್ಲ ಎಂದಲ್ಲ. ನಡೆದದ್ದೆಲ್ಲ ಚರ್ಚೆಯೇ. 1952ರ ಮೊದಲ ಚುನಾವಣೆಯಲ್ಲಿ ಇಲ್ಲಿನವರು ಮದ್ರಾಸ್ ವಿಧಾನಸಭೆಗೆ ಮತ ಹಾಕಿದ್ದರು. ಅದೇ ವರ್ಷದ ಡಿಸೆಂಬರ್ 15ರಂದು ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ತೀರಿಕೊಂಡರು. ನಾಲ್ಕೇ ದಿನಕ್ಕೆ ಪ್ರಧಾನಿ ನೆಹರೂ ಆಂಧ್ರ ರಾಜ್ಯದ ರಚನೆಯನ್ನು ಘೋಷಿಸಿದರು. ಮದ್ರಾಸ್ ಒಡೆಯುವುದು ಖಚಿತವಾದ ಕ್ಷಣದಿಂದ ಕನ್ನಡ, ತೆಲುಗು ಎರಡೂ ಬೆರೆತಿದ್ದ ಬಳ್ಳಾರಿ ಜಿಲ್ಲೆಯ ಪಾಲಿನ ಪ್ರಶ್ನೆ ಹೊತ್ತಿಕೊಂಡಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಿರುಗುಪ್ಪ ಮೈಸೂರಿಗೆ. ಉಳಿದದ್ದು ಬಳ್ಳಾರಿ ತಾಲ್ಲೂಕು. ಅದರ ತೀರ್ಮಾನಕ್ಕೆ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ನೇಮಿಸಿದರು. ಅವರ ವರದಿ ಮೈಸೂರಿನ ಪರವಾಗಿ ಬಂತು.

ಮೈಸೂರಿಗೆ ಸೇರುವ ಸಂಭ್ರಮದ ಹಿಂದಿನ ರಾತ್ರಿ, 1953ರ ಸೆಪ್ಟೆಂಬರ್ 30ರಂದು, ಬಳ್ಳಾರಿಯಲ್ಲಿ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಮೇಲೆ ಆಸಿಡ್ ಬಲ್ಬ್ ಎಸೆದರು. ಆತ ಉಳಿಯಲಿಲ್ಲ. ಕನ್ನಡ ನಾಡು ಒಂದಾದ ಕತೆಯನ್ನು ಹೇಳುವಾಗ ಸಾಹಿತಿಗಳ, ಮಂತ್ರಿಗಳ ಹೆಸರು ಮೊದಲು ಬರುತ್ತವೆ. ಚಪ್ಪರ ಕಾಯಲು ನಿಂತ ಈ ಮನುಷ್ಯನ ಹೆಸರೂ ಅಷ್ಟೇ ಮೊದಲು ಬರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಫಜಲ್ ಅಲಿ, ಕುಂಜ್ರು ಮತ್ತು ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ ಹೊಸಪೇಟೆಗೆ ಸಿಡಿಲು ಬಡಿದಂತಾಯಿತು. ಎರಡು ವರ್ಷದ ಹಿಂದಷ್ಟೇ ಮೈಸೂರಿಗೆ ಬಂದಿದ್ದ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು, ತುಂಗಭದ್ರಾ ಅಣೆಕಟ್ಟೆಯ ಜಾಗವನ್ನೂ ಸೇರಿಸಿ, ಆಂಧ್ರಕ್ಕೆ ಕೊಡಬೇಕು ಎಂದು ಆಯೋಗ ಹೇಳಿತ್ತು. ಭಾಷೆಗಿಂತ ಅದು ಹೆಚ್ಚು ತೂಕ ಕೊಟ್ಟದ್ದು ತುಂಗಭದ್ರಾ ಯೋಜನೆಗೆ. ಕಾಲುವೆಯ ನೀರು ಆಂಧ್ರದ ಬರಡು ಸೀಮೆಗೆ ಹರಿಯುವುದರಿಂದ ಅದರ ಬಾಯಿಯೂ ಆಂಧ್ರದ ಕೈಯಲ್ಲಿರಲಿ ಎಂಬುದು ಆ ವಾದದ ತಿರುಳು. ಕನ್ನಡಿಗರು ಸಿಡಿದೆದ್ದರು, ಮೈಸೂರು ಸರ್ಕಾರವೂ ಒಪ್ಪಲಿಲ್ಲ. ಕೊನೆಗೆ ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು. 1956ರ ನವೆಂಬರ್ 1ರಂದು ಹೊಸಪೇಟೆ ಮೈಸೂರಿನಲ್ಲೇ ಉಳಿಯಿತು.

ಈ ಡ್ಯಾಮು ಇರದಿದ್ದರೆ ಹೊಸಪೇಟೆಗಾಗಿ ಅಷ್ಟು ಎಳೆದಾಟ ನಡೆಯುತ್ತಿತ್ತೆ? ಅನುಮಾನ. ಅದೇ ಒಂದು ಪಾಲುದಾರಿಕೆಯ ಕೂಸು. ನದಿಯ ಬಲದಂಡೆ ಮದ್ರಾಸಿನದು, ಎದುರಿನ ಆನೆಗೊಂದಿ, ಮುನಿರಾಬಾದ್ ದಂಡೆ ನಿಜಾಮನ ಹೈದರಾಬಾದಿನದು. 1945ರ ಫೆಬ್ರುವರಿ 28ರಂದು ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ನೀರು ನಿಲ್ಲುವ ಹೊತ್ತಿಗೆ ಕಟ್ಟಲು ಹೊರಟ ಸರ್ಕಾರಗಳೇ ಬೇರೆಯಾಗುತ್ತಿದ್ದವು. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಗೋಡೆ ಎಬ್ಬಿಸಬಹುದು, ಬಾವಿಗೆ ಎಬ್ಬಿಸಲಾಗದು. ಹಾಗಾಗಿ 1953ರಲ್ಲಿ, ಮದ್ರಾಸ್ ಒಡೆದ ಕಾಯ್ದೆಯ ಅಡಿಯಲ್ಲೇ, ತುಂಗಭದ್ರಾ ಮಂಡಳಿ ಹುಟ್ಟಿತು. ಎಲ್‌ಎಲ್‌ಸಿ ಎಂದು ರೈತರು ಕರೆಯುವ ಕೆಳಮಟ್ಟದ ಕಾಲುವೆಗೂ, ಎಚ್‌ಎಲ್‌ಸಿ ಎಂಬ ಮೇಲ್ಮಟ್ಟದ ಕಾಲುವೆಗೂ ಎಷ್ಟು ನೀರು ಬಿಡಬೇಕೆಂಬುದು ಇಂದಿಗೂ ಟಿ.ಬಿ. ಡ್ಯಾಮಿನ ಆ ಕಚೇರಿಯ ಉಸ್ತುವಾರಿ.

ಬ್ರಿಟನ್ ಎಡವಿದ್ದು ಇಂಥದೇ ಬಾವಿಯ ಬಳಿ. ಮತಚೀಟಿಯ ಒಂದು ಸಾಲಿನಲ್ಲಿ ಐರ್ಲೆಂಡಿನ ಗಡಿಯ ಮಾತೇ ಇರಲಿಲ್ಲ. ಉತ್ತರ ಐರ್ಲೆಂಡ್ ಬ್ರಿಟನ್ನಿನದು, ದಕ್ಷಿಣದ ಐರ್ಲೆಂಡ್ ಒಕ್ಕೂಟದ ಸದಸ್ಯ. 1998ರ ಶಾಂತಿ ಒಪ್ಪಂದದ ನಂತರ ಎರಡರ ನಡುವೆ ಜನ ತಡೆಯಿಲ್ಲದೆ ಓಡಾಡಿಕೊಂಡಿದ್ದರು. ಅಲ್ಲಿ ಮತ್ತೆ ಸುಂಕದ ಕಟ್ಟೆ ಹಾಕದೆ ಹೊರಬರುವುದು ಹೇಗೆಂಬ ಒಂದೇ ಗಂಟಿಗೆ ವರ್ಷಗಳು ಹಿಡಿದವು. ಬ್ರಿಟನ್ ನಿಜಕ್ಕೂ ಹೊರಬಿದ್ದದ್ದು 2020ರ ಜನವರಿ 31ರಂದು. ಅದಕ್ಕೂ ಮೊದಲು ಗ್ರೀನ್‌ಲ್ಯಾಂಡಿನ ಜನ ಮೀನಿನ ಮೇಲಿನ ಹಕ್ಕು ತಮಗೇ ಬೇಕೆಂದು 1982ರಲ್ಲಿ ಮತ ಹಾಕಿ, 1985ರಲ್ಲಿ ಆಗಿನ ಐರೋಪ್ಯ ಸಮುದಾಯದಿಂದ ಹೊರಬಂದಿದ್ದರು. ಅಲ್ಲಿ ಮೀನು, ಇಲ್ಲಿ ನೀರು.

ಭಾರತದಲ್ಲಿ ಜನರನ್ನೇ ನೇರ ಕೇಳಿದ್ದು ಬಲು ಅಪರೂಪ. ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಎಂದು ಮತ ಕೇಳಿದರು, ಬೇಡ ಎಂದವರೇ ಗೆದ್ದರು. ಉಳಿದಂತೆ ಸಂವಿಧಾನದ 3ನೇ ವಿಧಿ ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಕೇಳಿದ್ದನ್ನು ಒಪ್ಪಲೇಬೇಕೆಂದಿಲ್ಲ. ದೇಶ ಚೂರಾಗಬಾರದೆಂಬ ಆ ಕಾಲದ ಆತಂಕ ಅರ್ಥವಾಗುವಂಥದ್ದು. ಆದರೂ ಊರು ಯಾರದೆಂಬ ಪ್ರಶ್ನೆಯಲ್ಲಿ ಊರವರ ದನಿಗೆ ಒಂದು ಅಧಿಕೃತ ಜಾಗ ಇರಬೇಕಿತ್ತು.

ಜಿಲ್ಲೆ ಒಡೆಯುವಾಗ ಆ ಜಾಗ ತುಸುವಾದರೂ ಇದೆ. 2020ರ ನವೆಂಬರ್ 18ರಂದು ಸಚಿವ ಸಂಪುಟ ವಿಜಯನಗರ ಜಿಲ್ಲೆಗೆ ಒಪ್ಪಿಗೆ ಕೊಟ್ಟಾಗ ಹೊಸಪೇಟೆಯಲ್ಲಿ ಪಟಾಕಿ, ಬಳ್ಳಾರಿಯಲ್ಲಿ ಬಂದ್. ಡಿಸೆಂಬರಿನಲ್ಲಿ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ 30 ದಿನ ಕೊಟ್ಟರು. ಹಡಗಲಿ, ಹರಪನಹಳ್ಳಿಯ ರೈತರು ಒಂದು ಸಹಿಗಾಗಿ ನೂರು ಕಿ.ಮೀ. ಮೀರಿ ಬಳ್ಳಾರಿಗೆ ಹೋಗುವುದು ತಪ್ಪಬೇಕೆಂಬುದು ಒಂದು ಕಡೆಯ ವಾದ. ಅಖಂಡ ಬಳ್ಳಾರಿ ಒಡೆದರೆ ಎರಡೂ ಬಡವಾಗುತ್ತವೆ ಎಂಬುದು ಇನ್ನೊಂದು ಕಡೆಯದು. ಡ್ಯಾಮು, ಹಂಪಿ ಹೋದರೆ ನಮಗೇನು ಉಳಿಯಿತು ಎಂದು ಬಳ್ಳಾರಿಯವರು ಕೇಳಿದರು. 2021ರ ಫೆಬ್ರುವರಿಯಲ್ಲಿ ಅಂತಿಮ ಆದೇಶ ಬಂತು. ಅಕ್ಟೋಬರ್ 2ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 31ನೇ ಜಿಲ್ಲೆಯನ್ನು ಉದ್ಘಾಟಿಸಿದರು. ಡ್ಯಾಮುಗಳಿಗೆ ಗೇಟು ಮಾಡಿಕೊಡುತ್ತಿದ್ದ, ಬಾಗಿಲು ಮುಚ್ಚಿದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಆವರಣ ಜಿಲ್ಲಾಧಿಕಾರಿಯ ಕಚೇರಿಯಾಯಿತು.

ಅಂದು ಎಳೆದ ಗೆರೆಯಲ್ಲಿ ಸಂಡೂರು, ಕಂಪ್ಲಿ ಎರಡೂ ಬಳ್ಳಾರಿಯ ಕಡೆ ಉಳಿದವು. ಎರಡಕ್ಕೂ ಹೊಸಪೇಟೆಯೇ ಹತ್ತಿರ. ಸಂಡೂರಿನ ಗಣಿಯ ಆದಾಯ ಬಳ್ಳಾರಿಗೆ ಬೇಕಿತ್ತು ಎಂಬ ಮಾತು ಜನರ ಬಾಯಲ್ಲಿದೆ. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು 1949ರ ಏಪ್ರಿಲ್ 1ರಂದು ಮದ್ರಾಸಿಗೆ ಸೇರಿದ ಸಂಡೂರಿಗೆ ಪಾಲಿನ ಮಾತು ಹೊಸದಲ್ಲ. ಕಂಪ್ಲಿಯಂತೂ ಕೆಲವೇ ವರ್ಷಗಳ ಹಿಂದಿನವರೆಗೆ ಹೊಸಪೇಟೆ ತಾಲ್ಲೂಕಿನ ಹೋಬಳಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ಭರ್ತಿಯಾಗಿದ್ದ ಜಲಾಶಯದಿಂದ ದಿನಗಟ್ಟಲೆ ನೀರು ಹೊಳೆಗೆ ಹರಿಯಿತು. ಭತ್ತ ನಾಟಿ ಮಾಡಿದ್ದ ಕಂಪ್ಲಿ, ಸಿರುಗುಪ್ಪದ ರೈತರು ಬಳ್ಳಾರಿ ಜಿಲ್ಲೆಯವರು, ಆಚೆ ದಂಡೆಯ ಗಂಗಾವತಿಯವರು ಕೊಪ್ಪಳದವರು, ಆದೋನಿಯವರು ಆಂಧ್ರದವರು. ಎಲ್ಲರೂ ಆ ವಾರ ಫೋನಿನಲ್ಲಿ ವಿಚಾರಿಸುತ್ತಿದ್ದದ್ದು ಒಂದನ್ನೇ: ಹೊಸಪೇಟೆಯಲ್ಲಿ ಗೇಟು ಕೂಡ್ರಿಸಿದರಾ?